ಭಯವೂ ಬೇಸರವೂ

ಭಯಪಡುವುದಕ್ಕಾಗಿ ಹಣವನ್ನು ಕೊಡುವ ಪ್ರಾಣಿಯು ಮನುಷ್ಯನೊಬ್ಬನೇ. ನಾಟಕಶಾಲೆಯಲ್ಲಿ ಪ್ರೇತದ ಪಾತ್ರವು ಬಂದಾಗ ಬೆಚ್ಚುವುದೂ, ಬೆಚ್ಚಿದುದಕ್ಕಾಗಿ ಸಂತೋಷಪಡುವುದೂ ಅವನಿಗೇ ಸಲ್ಲುವ ಗುಣಗಳು. ಈ ಆಶ್ಚರ್ಯವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದುದರಿಂದಲೇ ಭಯಾನಕವನ್ನು ರಸಗಳ ಸಾಲಿನಲ್ಲಿ ಸೇರಿಸಿದರು. ಆದರೆ ಭಯದೊಡನೆ ಬೇಸರವೂ ಕೋಪವೂ ಕೂಡಿಕೊಂಡರೆ ರಸವು ಉಳಿಯುವುದೋ ಇಲ್ಲವೋ? ಈ ತಿಂಗಳು ಈ ಪ್ರಶ್ನೆಯನ್ನು ಒಂದು ಹಳೆಯ ವಿಡಿಯೋ ಆಟದ ಮೂಲಕ ವಿಚಾರಿಸಬೇಕೆಂದು ನಮ್ಮ ಸಂಕಲ್ಪ.

ವಿಡಿಯೋ ಆಟವು ಹುಡುಗರ ವಸ್ತು, ನಿವೃತ್ತನಾದ ಉಪಾಧ್ಯಾಯನಿಗೆ ಅದರ ಗೊಡವೆಯೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಾವು ಹೇಳಲಿರುವ ಆಟವನ್ನು ಅದು ಹೊಸದಾಗಿದ್ದಾಗ ಆಡಿದ ಹುಡುಗರು ಈಗ ನಡುವಯಸ್ಸಿನ ಗೃಹಸ್ಥರು. ಅವರ ಮಕ್ಕಳು ಅದೇ ಆಟದ ಸಂತತಿಯನ್ನು ಆಡುತ್ತಲಿರುವರು. ಎರಡು ತಲೆಮಾರಿನವರು ರಾತ್ರಿಯ ನಿದ್ರೆಯನ್ನು ಯಾವುದಕ್ಕೆ ಅರ್ಪಿಸಿದರೋ ಅದು ಮನೆಯವರೆಲ್ಲರ ವಿಚಾರಕ್ಕೂ ಯೋಗ್ಯವಾದುದೇ ಸರಿ.

ಆಟದ ಹೆಸರು ಜಪಾನಿನಲ್ಲಿ ‘ಬಯೋಹಜಾರ್ಡ್’, ಇತರ ದೇಶಗಳಲ್ಲಿ ‘ರೆಸಿಡೆಂಟ್ ಈವಿಲ್’. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1996ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸೋನಿಯವರ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಅದನ್ನು ಹೊರತಂದರು. ನಿರ್ದೇಶಕರು ಶಿಂಜಿ ಮಿಕಾಮಿ. ನಿರ್ಮಾಪಕರು ಟೊಕುರೊ ಫುಜಿವಾರ. ಫುಜಿವಾರರು 1989ರಲ್ಲಿಯೇ ‘ಸ್ವೀಟ್ ಹೋಮ್’ ಎಂಬ ದೆವ್ವದ ಮನೆಯ ಆಟವೊಂದನ್ನು ರಚಿಸಿದ್ದರು. ಹೊಸ ಆಟದ ಬೀಜವು ಅದರಲ್ಲಿದ್ದಿತು. ಗೆಲುವಿಗಿಂತ ಹೆಚ್ಚಾಗಿ ಜೀವದೊಡನೆ ಹೊರಬರುವುದನ್ನೇ ಗುರಿಯಾಗಿಸುವ ಆಟಗಳಿಗೆ ಈಗ ರೂಢಿಯಲ್ಲಿರುವ ‘ಸರ್ವೈವಲ್ ಹಾರರ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು ಇದರಿಂದಲೇ.

ಕಥೆಯು ನಡೆಯುವುದು ಅಮೆರಿಕೆಯಲ್ಲಿ, ಕಲ್ಪಿತವಾದ ರಕೂನ್ ನಗರದ ಹೊರಗಣ ಕಾಡಿನಲ್ಲಿ. ಪೋಲೀಸಿನ ವಿಶೇಷ ದಳದವರು ಕೊಳೆತ ಮೈಯ ನಾಯಿಗಳಿಂದ ಅಟ್ಟಿಸಿಕೊಂಡು ಒಂದು ದೊಡ್ಡ ಬಂಗಲೆಯನ್ನು ಹೊಗುತ್ತಾರೆ. ಔಷಧ ವ್ಯಾಪಾರದ ಸಂಸ್ಥೆಯೊಂದು ಅಲ್ಲಿ ಗುಪ್ತವಾಗಿ ನಡೆಸಿದ ಪ್ರಯೋಗದಿಂದ ರೋಗವು ಹರಡಿ, ಸತ್ತವರು ಎದ್ದು ನಡೆದಾಡುತ್ತಿರುವರು. ಕ್ರಿಸ್ ಎಂಬ ಯುವಕನಾಗಿಯೋ ಜಿಲ್ ಎಂಬ ಯುವತಿಯಾಗಿಯೋ ನಾವು ಆ ಮನೆಯಿಂದ ಪಾರಾಗಬೇಕು.

ಸುಮಾರು 1999ರಲ್ಲಿ ಬಂಧುಗಳ ಮನೆಯಲ್ಲಿ ನಾವು ಇದನ್ನು ಮೊದಲು ಆಡಿದೆವು. 2024ರಲ್ಲಿ ಮೂಲ ಆಟವೇ ಈಗಿನ ಕಂಪ್ಯೂಟರುಗಳಿಗೆ ಹೊಂದುವಂತೆ ಪುನಃ ಮಾರಾಟಕ್ಕೆ ಬಂದಿತಾದ್ದರಿಂದ ಕಳೆದ ಬೇಸಗೆಯಲ್ಲಿ ಮತ್ತೊಮ್ಮೆ ಕೈಗೆತ್ತಿಕೊಂಡೆವು. ಆಟವು ಎಳ್ಳಷ್ಟೂ ಮೆತ್ತಗಾಗಿರಲಿಲ್ಲ. ನಮ್ಮ ಬೆರಳುಗಳು ಮಾತ್ರ ಇಪ್ಪತ್ತೈದು ವರ್ಷ ನಿಧಾನವಾಗಿದ್ದವು.

ಇದರ ಕಷ್ಟಗಳು ಒಂದೇ ಮೂಲದಿಂದ ಹುಟ್ಟಿದವುಗಳಲ್ಲ. ವಿಂಗಡಿಸಿ ನೋಡಿದರೆ ಯಂತ್ರದ ಬಡತನದಿಂದ ಬಂದವು ಕೆಲವು, ಕರ್ತೃವಿನ ಉದ್ದೇಶದಿಂದ ಬಂದವು ಕೆಲವು, ವರ್ತಕನ ಲೆಕ್ಕದಿಂದ ಬಂದವು ಕೆಲವು ಎಂದು ಮೂರು ಬಗೆಯಾಗುವುವು.

ಮೊದಲನೆಯದು ಯಂತ್ರದ ಬಡತನ. ಪ್ಲೇಸ್ಟೇಷನ್ನಿನ ಮುಖ್ಯ ಸ್ಮೃತಿಯು ಎರಡೇ ಮೆಗಾಬೈಟು. ಇಡೀ ಬಂಗಲೆಯನ್ನು ಎಲ್ಲ ಕಡೆಯಿಂದಲೂ ತೋರಿಸುವುದು ಅದಕ್ಕೆ ಅಳವಲ್ಲದುದರಿಂದ, ಪ್ರತಿಯೊಂದು ಕೋಣೆಯನ್ನೂ ಮುಂಚಿತವಾಗಿ ಚಿತ್ರಿಸಿಟ್ಟು, ಗೊತ್ತಾದ ಮೂಲೆಗಳಿಂದ ಮಾತ್ರ ತೋರಿಸಿದರು. 1992ರಲ್ಲಿ ಫ್ರಾನ್ಸಿನಿಂದ ಬಂದ ‘ಅಲೋನ್ ಇನ್ ದಿ ಡಾರ್ಕ್’ ಎಂಬ ಆಟದಲ್ಲಿಯೂ ಇದೇ ಉಪಾಯವಿದ್ದಿತು. ನೋಟವು ಮೂಲೆಯಿಂದ ಮೂಲೆಗೆ ಹಾರುತ್ತಿರುವಾಗ ಎಡಬಲಗಳು ಕಲಸಿಹೋಗಬಾರದೆಂದು, ಮೇಲಿನ ಗುಂಡಿಯನ್ನೊತ್ತಿದರೆ ಪಾತ್ರವು ತಾನು ಮುಖಮಾಡಿದ ಕಡೆಗೆ ನಡೆಯುವುದು, ಪಕ್ಕದ ಗುಂಡಿಗಳಿಂದ ನಿಂತಲ್ಲೇ ತಿರುಗುವುದು ಎಂದು ನಿಯಮಿಸಿದರು. ಹೊಸಬನಿಗೆ ಇದು ಭಾರವಾದ ಎತ್ತಿನ ಗಾಡಿಯನ್ನು ಓಣಿಯಲ್ಲಿ ತಿರುಗಿಸಿದಂತೆ. ಆದರೂ ಈ ಬಡತನವೇ ವರವಾಯಿತು. ಮೂಲೆಯಾಚೆ ಹೆಜ್ಜೆಯ ಸಪ್ಪಳವು ಕೇಳುತ್ತದೆ; ಯಾರೆಂಬುದು ಕಾಣುವುದಿಲ್ಲ. ಮುಂದಿನ ಕೋಣೆಯನ್ನು ಯಂತ್ರವು ತಟ್ಟೆಯಿಂದ ಓದಿಕೊಳ್ಳುವಷ್ಟು ಹೊತ್ತು ಕತ್ತಲಲ್ಲಿ ಒಂದು ಬಾಗಿಲು ಮೆಲ್ಲಗೆ ತೆರೆಯುತ್ತದೆ. ಕಾಯುವ ಹೊತ್ತು ಹೀಗೆ ನಡುಗುವ ಹೊತ್ತಾಯಿತು.

ಎರಡನೆಯದು ಕರ್ತೃವಿನ ಉದ್ದೇಶ. ಕ್ರಿಸ್ಸಿನ ಬಳಿ ಆರು ವಸ್ತುಗಳಿಗೆ ಮಾತ್ರ ಸ್ಥಳ, ಜಿಲ್ಲಳಿಗೆ ಎಂಟಕ್ಕೆ. ಚಿಕ್ಕ ಬೀಗದ ಕೈಯೂ ಒಂದು ಸ್ಥಳವನ್ನು ಹಿಡಿಯುವುದು, ಉದ್ದನೆಯ ಕೋವಿಯೂ ಒಂದನ್ನೇ. ಬೇಡವಾದುದನ್ನು ನೆಲದ ಮೇಲೆ ಇಡುವಂತಿಲ್ಲ. ಪೆಟ್ಟಿಗೆಯಿರುವ ಕೋಣೆಯವರೆಗೆ ಹೊತ್ತುಕೊಂಡೇ ಹೋಗಬೇಕು. ಗುಂಡುಗಳು ಎಣಿಕೆಯವು, ಗಾಯಕ್ಕೆ ಹಾಕುವ ಹಸಿರು ಮೂಲಿಕೆಗಳೂ ಎಣಿಕೆಯವು. ಆದುದರಿಂದ ಎದುರಿಗೆ ಬಂದ ಹೆಣವನ್ನು ಹೊಡೆಯಬೇಕೋ, ಪಕ್ಕಕ್ಕೆ ಸರಿದು ಓಡಬೇಕೋ ಎಂದು ಪ್ರತಿ ಸಲವೂ ವಿಚಾರಿಸಬೇಕಾಗುವುದು. ತಿಂಗಳ ಕೊನೆಯಲ್ಲಿ ಉಗ್ರಾಣದ ಡಬ್ಬಗಳನ್ನು ತೆರೆದು ನೋಡುವ ಗೃಹಿಣಿಗೆ ಈ ಚಿಂತೆಯನ್ನು ವಿವರಿಸಬೇಕಾದುದಿಲ್ಲ.

ಇವೆಲ್ಲಕ್ಕೂ ಮಿಗಿಲಾದುದು ಟೈಪ್‌ರೈಟರಿನ ನಿಯಮ. ಆಡಿದಷ್ಟನ್ನು ಉಳಿಸಿಕೊಳ್ಳಬೇಕಾದರೆ, ಎಂದರೆ ಸೇವ್ ಮಾಡಬೇಕಾದರೆ, ಎಲ್ಲೋ ಕೆಲವು ಕೋಣೆಗಳಲ್ಲಿರುವ ಟೈಪ್‌ರೈಟರಿನ ಬಳಿಗೆ ಹೋಗಬೇಕು. ಒಂದೊಂದು ಸಲಕ್ಕೂ ಒಂದೊಂದು ಮಸಿಯ ರಿಬ್ಬನ್ನು ವೆಚ್ಚವಾಗುವುದು. ರಿಬ್ಬನ್ನುಗಳೂ ಎಣಿಕೆಯವೇ. ಒಂದು ಸಂಜೆ ಗಂಟೆಗೂ ಮಿಕ್ಕಿ ಎಚ್ಚರದಿಂದ ನಡೆದು, ಬೇಕಾದ ವಸ್ತುಗಳನ್ನೆಲ್ಲ ಸಂಪಾದಿಸಿ, ಟೈಪ್‌ರೈಟರಿಗೆ ಎರಡು ಬಾಗಿಲು ಮಾತ್ರ ಉಳಿದಿರುವಾಗ, ‘ಹಂಟರ್’ ಎಂಬ ಹಸಿರು ಪ್ರಾಣಿಯು ಒಂದೇ ಏಟಿಗೆ ನಮ್ಮ ತಲೆಯನ್ನು ಹಾರಿಸಿತು. ಅಡಿಗೆಮನೆಯಿಂದ “ಏನಾಯಿತು?” ಎಂಬ ಪ್ರಶ್ನೆಯು ಬಂದಿತು. ಉತ್ತರ ಕೊಡುವ ಮನಸ್ಸು ನಮಗಿರಲಿಲ್ಲ.

ಮೂರನೆಯದು ವರ್ತಕನ ಲೆಕ್ಕ. ಅಮೆರಿಕೆಗೆ ಕಳುಹಿಸಿದ ಪ್ರತಿಯನ್ನು ಜಪಾನಿನದಕ್ಕಿಂತ ಕಠಿನಗೊಳಿಸಿದರು; ಕೋವಿಯು ತಾನಾಗಿ ಶತ್ರುವಿನ ಕಡೆಗೆ ತಿರುಗುವ ಅನುಕೂಲವನ್ನು ತೆಗೆದುಹಾಕಿದರು. ಅಲ್ಲಿ ಆಟದ ತಟ್ಟೆಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯಿದ್ದುದರಿಂದ, ಎರಡು ದಿನಗಳಲ್ಲಿ ಮುಗಿಸಿ ಹಿಂದಿರುಗಿಸಿಬಿಟ್ಟರೆ ಕೊಳ್ಳುವವರಾರು ಎಂಬ ಯೋಚನೆಯೇ ಇದಕ್ಕೆ ಕಾರಣವೆಂದು ಪ್ರಸಿದ್ಧಿ. ಈ ಕಷ್ಟದಿಂದ ಭಯವು ಹೆಚ್ಚುವುದಿಲ್ಲ. ದಿನಗಳ ಸಂಖ್ಯೆಯೊಂದೇ ಹೆಚ್ಚುವುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತಾಚಾರ್ಯರು ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಕ್ಕೆ ಏಳು ವಿಘ್ನಗಳನ್ನು ಹೇಳಿರುವರು. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದು ಅವುಗಳಲ್ಲೊಂದು. ಮನೆಯಲ್ಲಿ ಜಗಳವಾಡಿ ಬಂದವನಿಗೆ ರಂಗದ ಮೇಲಿನ ಶೋಕವು ಹತ್ತುವುದಿಲ್ಲ. ಅದರ ಪರಿಹಾರಕ್ಕಾಗಿಯೇ ನಾಟಕದಲ್ಲಿ ಗೀತವಾದ್ಯಗಳನ್ನೂ ರಂಗದ ಅಲಂಕಾರವನ್ನೂ ಇಟ್ಟಿರುವುದೆಂದು ಅವರ ಅಭಿಪ್ರಾಯ. ಮಿಕಾಮಿಯವರ ಆಟದಲ್ಲಿಯೂ ಟೈಪ್‌ರೈಟರಿರುವ ಕೋಣೆಯನ್ನು ಹೊಕ್ಕೊಡನೆ ಮೃದುವಾದ ಸಂಗೀತವು ಕೇಳುತ್ತದೆ. ಶತ್ರುಗಳು ಅಲ್ಲಿಗೆ ಬರುವುದಿಲ್ಲ. ಆಡುವವನ ಉಸಿರು ಸಮನಾಗಿ, ಪುನಃ ಹೆದರುವುದಕ್ಕೆ ಅವನು ಸಿದ್ಧನಾಗುವನು.

ರಿಬ್ಬನ್ನಿನ ನಿಯಮವು ಸಾವಿನ ಮುಂಚೆ ರಸಕ್ಕೆ ಪೋಷಕ, ಸಾವಿನ ಅನಂತರ ವಿಘ್ನ ಎಂಬುದು ನಮ್ಮ ನಿರ್ಣಯ. ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದಲ್ಲದೆ ಅಂಜಿಕೆಯಿಲ್ಲ. ಒಂದು ಗಂಟೆಯ ಶ್ರಮವು ಕೈಯಲ್ಲಿರುವುದರಿಂದಲೇ ಬಾಗಿಲಿನ ಸಪ್ಪಳಕ್ಕೆ ಎದೆಯು ಹಾರುವುದು. ಆದರೆ ಒಮ್ಮೆ ಅದು ಕಳೆದುಹೋಯಿತೆಂದರೆ, ಹೋದುದು ಕ್ರಿಸ್ಸಿನ ಪ್ರಾಣವಲ್ಲ, ನಮ್ಮ ಸಂಜೆ. ಆಗ ಬರುವುದು ಭಯಾನಕರಸವಲ್ಲ, ಕೇವಲ ಲೌಕಿಕವಾದ ಸಿಟ್ಟು. ಅದೇ ದಾರಿಯನ್ನು ಮತ್ತೆ ನಡೆಯುವಾಗ, ಮೊದಲು ಮೈ ನಡುಗಿಸಿದ ಓಣಿಯು ರೇಷನ್ ಅಂಗಡಿಯ ಸಾಲಿನಂತೆ ತೋರುವುದು. ಕಿಟಕಿಯೊಡೆದು ನಾಯಿಯು ಎಲ್ಲಿ ಹಾರುವುದೆಂದು ತಿಳಿದಿರುವಾಗ ಹೆದರುವವರಾರು?

ಪಾಠಶಾಲೆಯಲ್ಲಿಯೂ ನಾವು ಕಂಡುದು ಇದನ್ನೇ. ಪರೀಕ್ಷೆಯ ಅಂಜಿಕೆಯು ಹುಡುಗನನ್ನು ಪುಸ್ತಕದ ಮುಂದೆ ಕೂರಿಸುವುದುಂಟು. ಒಂದು ವಿಷಯದಲ್ಲಿ ತಪ್ಪಿದವನನ್ನು ಇಡೀ ವರ್ಷದ ಪಾಠಗಳಿಗೆ ಪುನಃ ಕೂರಿಸಿದರೆ, ಅವನು ಅಂಜುವುದೂ ಇಲ್ಲ, ಕಲಿಯುವುದೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತಿರುವನು. ಕಷ್ಟವಿಲ್ಲದೆ ವಿದ್ಯೆಯಿಲ್ಲ ನಿಜ. ಆದರೆ ಕಷ್ಟಗಳೆಲ್ಲವೂ ವಿದ್ಯೆಯಲ್ಲ.

ಆಟದ ಕರ್ತೃಗಳು ಇದನ್ನು ಅರಿತಿದ್ದರೆಂಬುದಕ್ಕೆ ಪ್ರಮಾಣವುಂಟು. 1997ರಲ್ಲಿ ಬಂದ ಪರಿಷ್ಕೃತ ಪ್ರತಿಯಲ್ಲಿ, ವಸ್ತುಗಳ ಸ್ಥಳಗಳನ್ನೂ ನೋಟದ ಮೂಲೆಗಳನ್ನೂ ಬದಲಾಯಿಸಿದ ಪಾಠಾಂತರವೊಂದನ್ನು ಸೇರಿಸಿದರು. 2002ರಲ್ಲಿ ಮಿಕಾಮಿಯವರೇ ಆಟವನ್ನು ಹೊಸದಾಗಿ ರಚಿಸಿದಾಗ, ನಾಯಿಗಳ ಓಣಿಯನ್ನು ಮೊದಲ ಸಲ ದಾಟುವಾಗ ಕಿಟಕಿಯ ಗಾಜು ಬಿರುಕುಬಿಡುವುದಷ್ಟೆ; ನಾಯಿಯು ಬರುವುದು ತರುವಾಯ. ಹಳೆಯ ಆಟವನ್ನು ಬಾಯಿಪಾಠ ಮಾಡಿದವನೇ ಅಲ್ಲಿ ಹೆಚ್ಚು ಮೋಸಹೋಗುವನು. ಇದು ಸತ್ಕವಿಯ ಮಾರ್ಗ. ಇದೇ ಸಂತತಿಯ ಎರಡನೆಯ ಆಟವನ್ನು 2019ರಲ್ಲಿ ಹೊಸದಾಗಿ ರಚಿಸಿದವರು, ಸಾಮಾನ್ಯರಿಗೆ ಆಟವು ನಡುನಡುವೆ ತಾನಾಗಿ ಉಳಿಯುವಂತೆ ಮಾಡಿ, ಕಠಿನವಾದ ಕ್ರಮವನ್ನು ಆರಿಸಿಕೊಂಡವರಿಗೆ ಮಾತ್ರ ರಿಬ್ಬನ್ನನ್ನು ಕಡ್ಡಾಯವಾಗಿಸಿದರು.

ಗೃಹಸ್ಥರಿಗೆ ಎರಡು ಮಾತು. ಇದು ಮಕ್ಕಳ ಆಟವಲ್ಲ. ಅಮೆರಿಕೆಯಲ್ಲಿ ಹದಿನೇಳು ತುಂಬಿದವರಿಗೆಂದೇ ಗುರುತುಹಾಕಿದರು, ಆ ಗುರುತು ಯುಕ್ತವಾದುದು. ದೊಡ್ಡವರು ಆಡುವುದಾದರೆ, ದಾರಿಯನ್ನು ತೋರಿಸುವ ಪುಸ್ತಕವನ್ನು ಮೊದಲ ಸಲ ಮುಟ್ಟದಿರಲಿ. ಎರಡನೆಯ ಸಲ ಅದೇ ಸ್ಥಳದಲ್ಲಿ ಸತ್ತರೆ ಸಂಕೋಚವಿಲ್ಲದೆ ತೆರೆಯಲಿ. ಭಯವು ಹೋಗಿ ಸಿಟ್ಟು ಬಂದಿತೆಂದು ಅರಿವಾದೊಡನೆ ಯಂತ್ರವನ್ನು ಆರಿಸಿ ಊಟಕ್ಕೆ ಏಳತಕ್ಕದ್ದು. ಹಂಟರನು ಮಾರನೆಯ ದಿನವೂ ಅಲ್ಲಿಯೇ ನಿಂತಿರುವನು. ಬಿಸಿ ಅನ್ನವು ಕಾಯುವುದಿಲ್ಲ.