ಹಿಮ್ಮಡಿ ನೋವಿಗೆ ಯಾವ ಅಟ್ಟೆ?

ಬೆಳಿಗ್ಗೆ ಹಾಸಿಗೆ ಬಿಟ್ಟು ನೆಲಕ್ಕೆ ಕಾಲೂರಿದ ಕ್ಷಣ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲ. ಸಂಜೆಗೆ ಮತ್ತೆ ಹಾಜರ್. ನಡುವಯಸ್ಸಿನವರಲ್ಲಿ, ದಿನವಿಡೀ ನಿಂತು ದುಡಿಯುವವರಲ್ಲಿ ಇದು ಸಾಮಾನ್ಯ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಯ ಮುಳ್ಳು ಕಂಡರಂತೂ ರೋಗಿಗೆ ಇನ್ನಷ್ಟು ದಿಗಿಲು. ನೋವೇ ಇಲ್ಲದ ಎಷ್ಟೋ ಕಾಲುಗಳಲ್ಲೂ ಆ ಮುಳ್ಳು ಇರುತ್ತದೆ! ಪಾದದ ಅಚ್ಚು ತೆಗೆಸಿ, ಅದಕ್ಕೆ ತಕ್ಕ ಒಳಅಟ್ಟೆ ಮಾಡಿಸಿಕೊಳ್ಳಿ ಎಂಬ ಸಲಹೆ ಆಗ ಬರುತ್ತದೆ. ಅದಕ್ಕೆ ಸಾವಿರಾರು ರೂಪಾಯಿ. ಅಂಗಡಿಯ ಸಿದ್ಧ ಮೆತ್ತೆಗೆ ಕೆಲವು ನೂರು. ಹೆಚ್ಚು ದುಡ್ಡಿಗೆ ಹೆಚ್ಚು ಗುಣ ಇದೆಯೇ?

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿ ನಾರಿನ ಪಟ್ಟಿಯೊಂದಿದೆ. ವೈದ್ಯರು ಅದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಪಾದ ಬಿಲ್ಲಾದರೆ ಇದು ಅದರ ಹೆದೆ. ನಿಂತವರೊಬ್ಬರ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಾಗಿಸಿ ನೋಡಿ, ಪಾದದ ಕಮಾನು ತಾನಾಗಿ ಏಳುತ್ತದೆ. ರಾಟೆಗೆ ಹಗ್ಗ ಸುತ್ತಿದಂತೆ ಪಟ್ಟಿ ಬೆರಳಿನ ಕೀಲನ್ನು ಸುತ್ತಿ ಬಿಗಿಯುವುದೇ ಕಾರಣ. ಜೆ. ಎಚ್. ಹಿಕ್ಸ್ ಇದನ್ನು 1954ರಲ್ಲಿ ವಿವರಿಸಿದರು. ಪ್ರತಿ ಹೆಜ್ಜೆಗೂ ಈ ಜಗ್ಗಾಟ ಇದ್ದದ್ದೇ. ಪಟ್ಟಿ ಹಿಮ್ಮಡಿಗೆ ಅಂಟಿದ ಜಾಗ ನಲುಗುವುದು ಇದರಿಂದ. ಮೀನಖಂಡ ಬಿಗಿಯಾಗಿದ್ದರೆ ಎಳೆತ ಇನ್ನೂ ಹೆಚ್ಚು. ಒಳಅಟ್ಟೆ ಕಮಾನಿಗೆ ಆಸರೆಯಾಗುತ್ತದೆ, ದೇಹದ ಭಾರವನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚುತ್ತದೆ. ವಿಸ್ತೀರ್ಣ ಹೆಚ್ಚಿದಷ್ಟೂ ಒತ್ತಡ ಕಡಿಮೆ ಎಂಬ ಶಾಲೆಯ ಪಾಠವೇ ಇಲ್ಲಿಯೂ.

ಅಮೆರಿಕದಲ್ಲಿ 15 ಕೇಂದ್ರಗಳ 236 ರೋಗಿಗಳನ್ನು ಐದು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಕಾಲು ಸೆಳೆಯುವ ವ್ಯಾಯಾಮ. ನಾಲ್ಕು ಗುಂಪುಗಳಿಗೆ ಅದರೊಂದಿಗೆ ಒಂದೊಂದು ಬಗೆಯ ಮೆತ್ತೆ. ಎಂಟು ವಾರಗಳ ನಂತರ ಸಿಲಿಕೋನ್ ಮೆತ್ತೆಯವರಲ್ಲಿ ಶೇ 95, ರಬ್ಬರಿನವರಲ್ಲಿ ಶೇ 88, ಫೆಲ್ಟ್‌ನವರಲ್ಲಿ ಶೇ 81 ಮಂದಿಗೆ ಗುಣ ಕಂಡಿತ್ತು. ಬರೀ ವ್ಯಾಯಾಮ ಮಾಡಿದವರಲ್ಲಿ ಶೇ 72. ಅಚ್ಚು ತೆಗೆಸಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದ ದುಬಾರಿ ಅಟ್ಟೆಯವರಲ್ಲಿ ಶೇ 68! ಆಸ್ಟ್ರೇಲಿಯದಲ್ಲಿ 135 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ಸಿದ್ಧ ಅಟ್ಟೆಗೂ ಮಾಡಿಸಿದ ಅಟ್ಟೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾಗಿ ಸಾಮಾನ್ಯ ಹಿಮ್ಮಡಿ ನೋವಿಗೆ ಮೊದಲು ಮೆತ್ತನೆಯ ಸಿದ್ಧ ಅಟ್ಟೆ, ಜೊತೆಗೆ ವ್ಯಾಯಾಮ. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಮೊದಲ ಸರದಿ ಹಾಸಿಗೆಯಲ್ಲೇ, ಕಾಲು ನೆಲಕ್ಕೆ ತಾಗುವ ಮುನ್ನ. ಕೆಲವು ತಿಂಗಳು ತಾಳ್ಮೆ ಬೇಕು. ತಾಳ್ಮೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲವಷ್ಟೆ.

ಅಚ್ಚು ತೆಗೆದು ಮಾಡಿದ ಅಟ್ಟೆ ನಿಜಕ್ಕೂ ಬೇಕಾಗುವುದು ನೋವೇ ಗೊತ್ತಾಗದ ಪಾದಗಳಿಗೆ. ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿಗೆ ಬಂದಾಗ, ಕುಷ್ಠರೋಗಿಗಳ ಮಾಂಸ ರೋಗದಿಂದಲೇ ಕೊಳೆಯುತ್ತದೆಂದು ಜನ ನಂಬಿದ್ದರು. ಸ್ಪರ್ಶಜ್ಞಾನ ಸತ್ತ ಪಾದದ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡವೇ ಹುಣ್ಣಿಗೆ ಮೂಲ ಎಂದು ಬ್ರಾಂಡ್ ತೋರಿಸಿಕೊಟ್ಟರು. ಸೂಕ್ಷ್ಮ ಗಾಳಿಗುಳ್ಳೆಗಳ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಬಂದದ್ದು ಆ ಪ್ರಯತ್ನಗಳಿಂದ. ಸಕ್ಕರೆ ಕಾಯಿಲೆಯಿಂದ ನರಗಳು ಮಂಕಾದ ಪಾದಗಳಿಗೂ ಇದೇ ತತ್ತ್ವ. ಅಲ್ಲಿ ಪಣಕ್ಕೆ ಬಿದ್ದಿರುವುದು ಕಾಲೇ.

ಆದರೆ ಅಟ್ಟೆ ಕೆಲಸ ಮಾಡಬೇಕಾದರೆ ಅದು ಕಾಲಡಿ ಇರಬೇಕಲ್ಲ. ಹಿಂದೆ ಹುಣ್ಣಾಗಿದ್ದ 107 ಮಧುಮೇಹಿಗಳನ್ನು ಕುರಿತ ನೆದರ್‌ಲೆಂಡ್ಸ್‌ನ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮನೆಯ ಹೊರಗಿನ ಹೆಜ್ಜೆಗಳಲ್ಲಿ ಶೇ 87ರಷ್ಟನ್ನು ಅವರು ಆ ವಿಶೇಷ ಪಾದರಕ್ಷೆ ತೊಟ್ಟು ಹಾಕಿದ್ದರು. ಮನೆಯೊಳಗೆ ಶೇ 61ರಷ್ಟನ್ನು ಮಾತ್ರ. ಹೆಚ್ಚು ನಡೆದದ್ದು ಮಾತ್ರ ಮನೆಯೊಳಗೇ. ನಮ್ಮಲ್ಲಂತೂ ಚಪ್ಪಲಿ ಹೊಸ್ತಿಲು ದಾಟುವಂತಿಲ್ಲ. ಇಂಥವರಿಗೆ ಮನೆಯೊಳಗೆಂದೇ ಇನ್ನೊಂದು ಜೊತೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ.