ಹೆಮ್ಮೆ ಯಾವುದೆಂದು ಅವರನ್ನೇ ಕೇಳಿದರೆ...

ಸಾಧಕಿಯರ ಮುಂದೆ ಮೈಕು ಹಿಡಿದಾಗ ಸುದ್ದಿಮಾಧ್ಯಮಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ಪ್ರಶಸ್ತಿ ಬಂದಾಗ ಏನನ್ನಿಸಿತು ಎಂಬುದು ಒಂದು. ಮನೆ ಮತ್ತು ವೃತ್ತಿ ಎರಡನ್ನೂ ಹೇಗೆ ನಿಭಾಯಿಸುತ್ತೀರಿ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯನ್ನು ಪುರುಷರಿಗೆ ಯಾರೂ ಕೇಳುವುದಿಲ್ಲ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಈ ಮಹಿಳೆಯರು ತಮ್ಮ ಬದುಕಿನ ಬಗ್ಗೆ ಬೇರೆಬೇರೆ ಸಂದರ್ಭಗಳಲ್ಲಿ ಹೇಳಿಕೊಂಡದ್ದನ್ನು ಒಟ್ಟಿಗಿಟ್ಟು ನೋಡಿದರೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ವೈಯಕ್ತಿಕ ಸಾಧನೆ, ವೃತ್ತಿ ಸಾಧನೆ ಎಂದು ನಾವು ಎಳೆಯುವ ಗೆರೆ ಅವರ ಮಾತಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಪ್ರಶಸ್ತಿಯೂ ಅಲ್ಲಿ ಕೊನೆಗೆ ಬರುವ ಒಂದು ಘಟನೆ ಮಾತ್ರ.

ಹಾಸನದ ಬಾನು ಮುಷ್ತಾಕ್ ಅವರನ್ನೇ ನೋಡೋಣ. 2025ರ ಮೇ 20ರಂದು ಲಂಡನ್‌ನಲ್ಲಿ ಅವರ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾಯಿತು. ಕನ್ನಡದ ಕೃತಿಗೆ ಈ ಗೌರವ ಸಂದದ್ದು ಅದೇ ಮೊದಲು. ಕಥಾಸಂಕಲನವೊಂದು ಆ ಪ್ರಶಸ್ತಿ ಪಡೆದದ್ದೂ ಅದೇ ಮೊದಲು. 50 ಸಾವಿರ ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮವಾಗಿ ಹಂಚಿಕೆಯಾಯಿತು. ವೇದಿಕೆಯಲ್ಲಿ ಬಾನು ಅವರು ಆ ಕ್ಷಣವನ್ನು ಸಾವಿರ ಮಿಂಚುಹುಳುಗಳು ಕೂಡಿ ಒಂದೇ ಆಗಸವನ್ನು ಬೆಳಗುವುದಕ್ಕೆ ಹೋಲಿಸಿದರು. ಗೆಲುವು ತನ್ನೊಬ್ಬಳದಲ್ಲ ಎಂಬ ಭಾವವೇ ಆ ಮಾತಿನಲ್ಲಿ ಎದ್ದು ಕಾಣುತ್ತಿತ್ತು.

ಆ ವೇದಿಕೆಗೆ ಹೋಗುವ ಹಾದಿಯನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. 26ನೇ ವಯಸ್ಸಿನಲ್ಲಿ ಮೆಚ್ಚಿದವರೊಡನೆ ಮದುವೆ. ಬಳಿಕ ‘ಪ್ರಜಾಮತ’ದಲ್ಲಿ ಮೊದಲ ಕಥೆ. ಹೆರಿಗೆಯ ನಂತರದ ಖಿನ್ನತೆಯಲ್ಲಿ ಬದುಕನ್ನೇ ಕೊನೆಗಾಣಿಸಲು ಹೊರಟಿದ್ದ ಗಳಿಗೆ, ಆಗ ತಡೆದ ಪತಿ. ಮುಂದೆ ಲಂಕೇಶ್ ಪತ್ರಿಕೆಯ ವರದಿಗಾರಿಕೆ, ವಕೀಲಿ ವೃತ್ತಿ, ಬಂಡಾಯ ಸಾಹಿತ್ಯದ ಒಡನಾಟ. ಇದರಲ್ಲಿ ವೈಯಕ್ತಿಕ ಯಾವುದು, ವೃತ್ತಿಪರ ಯಾವುದು ಎಂದು ಬಿಡಿಸಿಡುವುದು ಯಾರಿಂದಲೂ ಸಾಧ್ಯವಿಲ್ಲ. ನ್ಯಾಯ ಕೇಳಿ ಕಚೇರಿಗೆ ಬಂದ ಹೆಂಗಸರ ಸಂಕಟವೇ ಕಥೆಗಳಿಗೂ ಒಳಗಾಯಿತು.

ಮಹಿಳೆಯರ ಮಸೀದಿ ಪ್ರವೇಶದ ಹಕ್ಕನ್ನು ಪ್ರತಿಪಾದಿಸಿದ್ದಕ್ಕಾಗಿ 2000ದಲ್ಲಿ ಅವರು ಸ್ವಸಮುದಾಯದಿಂದಲೇ ಬಹಿಷ್ಕಾರ ಎದುರಿಸಿದರು. ಕಾಲು ಶತಮಾನದ ನಂತರ, ಬುಕರ್ ಬಂದ ವರ್ಷವೇ, ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದಾಗ ಆಕ್ಷೇಪ ಬಂದದ್ದು ಹೊರಗಿನಿಂದ. ಪ್ರಕರಣ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ನ್ಯಾಯಾಲಯಗಳು ಅರ್ಜಿಗಳನ್ನು ವಜಾಗೊಳಿಸಿದ ಬಳಿಕ 2025ರ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರು ದಸರಾ ಉದ್ಘಾಟಿಸಿದರು. ಜಗತ್ತು ಕೊಟ್ಟ ಪ್ರಶಸ್ತಿಪತ್ರ ಕೈಯಲ್ಲಿದ್ದರೂ ತವರು ನಾಡಿನಲ್ಲಿ ಮಹಿಳೆಯೊಬ್ಬಳು ಅರ್ಹತೆಯನ್ನು ಮತ್ತೊಮ್ಮೆ ರುಜುವಾತುಪಡಿಸಬೇಕಾಗಿ ಬಂದದ್ದು ವಿಷಾದಕರ.

ಸನ್ಮಾನ ಎಷ್ಟರಮಟ್ಟಿಗೆ ಕಾಪಾಡುತ್ತದೆ ಎಂಬ ಪ್ರಶ್ನೆಯನ್ನು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲೂ ಕೇಳಬಹುದು. 2025ರ ನವೆಂಬರ್ 14ರಂದು ನಿಧನರಾದ ಸಾಲುಮರದ ತಿಮ್ಮಕ್ಕ ಅವರಿಗೆ ಮಕ್ಕಳಿರಲಿಲ್ಲ. ಆ ಕೊರಗಿನಿಂದಲೇ ತಾವು, ಪತಿ ಚಿಕ್ಕಯ್ಯ ಸೇರಿ ಹುಲಿಕಲ್–ಕುದೂರು ರಸ್ತೆಯ ಬದಿಗೆ ಆಲದ ಸಸಿ ನೆಟ್ಟು, ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದ್ದಾಗಿ ಅವರು ಹೇಳುತ್ತಿದ್ದರು. ಮರಗಳ ಸಂಖ್ಯೆ 385 ಎಂದು ದಾಖಲಾಗಿದೆ. ಅವರಿಗೆ ಆ ಲೆಕ್ಕ ಅಷ್ಟೇನೂ ಮುಖ್ಯವಾಗಿರಲಿಲ್ಲವೆಂದು ತೋರುತ್ತದೆ. ಅವು ತನ್ನ ಮಕ್ಕಳೆನ್ನುವುದಷ್ಟೇ ಅವರ ವಾದ. 2019ರ ಮಾರ್ಚ್‌ನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ತಲೆ ಮುಟ್ಟಿ ಆಶೀರ್ವದಿಸಿದ ಚಿತ್ರ ದೇಶದಾದ್ಯಂತ ಪ್ರಕಟವಾಯಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಗಾಗಿ ಆ ಮರಗಳಿಗೇ ಕೊಡಲಿ ಬೀಳುವ ಆತಂಕ ಎದುರಾಯಿತು. ಶತಾಯುಷಿ ತಿಮ್ಮಕ್ಕ ಸ್ವತಃ ಮೊರೆಯಿಟ್ಟ ಮೇಲೆ ಸರ್ಕಾರ ಪರ್ಯಾಯ ಮಾರ್ಗ ಹುಡುಕುವುದಾಗಿ ಭರವಸೆ ನೀಡಿತು. ಪದಕ ಬೆಳೆಸಿದಾಕೆಗೆ, ಗಂಡಾಂತರ ಬೆಳೆದುದಕ್ಕೆ!

ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರನ್ನು ಹಾಲಕ್ಕಿ ಹಾಡುಗಳ ಕೋಗಿಲೆ ಎಂದು ಕೊಂಡಾಡಿದವರು ಅವರ ಸಾರಾಯಿ ವಿರೋಧಿ ಹೋರಾಟವನ್ನು ಒಂದು ಸಾಲಿನಲ್ಲಿ ಮುಗಿಸುವುದುಂಟು. ಹಾಡು ಕಲೆ, ಸಾರಾಯಿ ವಿರೋಧ ಸಮಾಜಸೇವೆ ಎಂಬ ವಿಂಗಡಣೆ ಪ್ರಶಸ್ತಿ ಸಮಿತಿಗಳದ್ದು, ಬಡಿಗೇರಿಯದ್ದಲ್ಲ. ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವರು. ಸಸಿ ಪೋಷಣೆಯಲ್ಲಿ ಅವರಿಗಿದ್ದ ತಿಳಿವಳಿಕೆಯನ್ನು ವಿದ್ಯೆ ಎಂದು ಒಪ್ಪಿಕೊಳ್ಳಲು ನಮಗೆ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ಸಭಾಂಗಣದಲ್ಲಿ ಅವರು ಬರಿಗಾಲಲ್ಲಿ ನಡೆದು ಬರಬೇಕಾಯಿತು.

ವಿಜ್ಞಾನ ಕ್ಷೇತ್ರದ ಕಥೆ ಬೇರೆಯದೇ? ಪೂರ್ತಿ ಅಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಕಕ್ಷೆ ಸೇರಿದಾಗ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೇಷ್ಮೆ ಸೀರೆಯುಟ್ಟು ಸಂಭ್ರಮಿಸಿದ ಮಹಿಳೆಯರ ಛಾಯಾಚಿತ್ರ ವಿಶ್ವವಿಖ್ಯಾತವಾಯಿತು. ಚಿತ್ರದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಸಂಸ್ಥೆ ಅನಂತರ ಸ್ಪಷ್ಟಪಡಿಸಿತು. ವಿಜ್ಞಾನಿಗಳಾದ ಮಹಿಳೆಯರು ಆ ಹೊತ್ತಿನಲ್ಲಿ ನಿಯಂತ್ರಣ ಕೊಠಡಿಯೊಳಗಿದ್ದರು, ಕ್ಯಾಮೆರಾ ಹೊರಗಿತ್ತು. ಆ ಯೋಜನೆಯ ಉಪ ಕಾರ್ಯಾಚರಣಾ ನಿರ್ದೇಶಕಿಯಾಗಿದ್ದ ರಿತು ಕರಿಧಾಲ್ ಮಕ್ಕಳ ಮನೆಪಾಠ, ಮನೆಗೆಲಸ ಮುಗಿಸಿ ಮಧ್ಯರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ ಕಚೇರಿಯ ಕೆಲಸ ಮಾಡುತ್ತಿದ್ದ ದಿನಗಳನ್ನು ಸಂದರ್ಶನದಲ್ಲಿ ನೆನೆದಿದ್ದಾರೆ. ಓದುಗರು ಇದನ್ನು ಸ್ಫೂರ್ತಿಯ ಮಾತೆಂದು ಹಂಚಿಕೊಳ್ಳುತ್ತಾರೆ. ನಿದ್ದೆಯನ್ನು ಯಾಕೆ ಬಿಡಬೇಕಾಯಿತು ಎಂಬ ಪ್ರಶ್ನೆ ಅಷ್ಟಾಗಿ ಹಂಚಿಕೆಯಾಗುವುದಿಲ್ಲ. 2019ರ ಚಂದ್ರಯಾನ–2 ಯೋಜನೆಯ ಹೊತ್ತಿಗೆ ಅವರು ಕಾರ್ಯಾಚರಣೆಯ ನಿರ್ದೇಶಕಿ, ಎಂ. ವನಿತಾ ಯೋಜನಾ ನಿರ್ದೇಶಕಿ. ಆಗಲೂ ತಲೆಬರಹ ‘ಮೊದಲ ಮಹಿಳೆಯರು’ ಎಂದೇ ಇತ್ತು.

ಈ ‘ಮೊದಲ ಮಹಿಳೆ’ ಎಂಬ ವಿಶೇಷಣ ಹೊಗಳಿಕೆಯಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಅದು ಸಂಸ್ಥೆಯ ವಿಳಂಬವನ್ನು ವ್ಯಕ್ತಿಯ ಹೆಗ್ಗಳಿಕೆಯನ್ನಾಗಿ ಮಾರ್ಪಡಿಸುವ ಜಾಣತನ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ; ಅದೇ ವರ್ಷ ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿ. ಕಾಯ್ದಿರಿಸದ ರೈಲುಬೋಗಿಗಳಲ್ಲಿ ಪ್ರಯಾಣಿಸಿ, ವಸತಿಗೃಹಗಳ ನೆಲದ ಮೇಲೆ ಮಲಗಿ ಆಡಿದ ಕಾಲವನ್ನು ಅವರು ಹಲವು ಬಾರಿ ವಿವರಿಸಿದ್ದಾರೆ. ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ, ಪಂದ್ಯಶುಲ್ಕ ಪುರುಷರಿಗೆ ಸಮನಾಗಿ ಘೋಷಣೆಯಾದದ್ದು 2022ರಲ್ಲಿ.

2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಮಣಿಸಿ ಹರ್ಮನ್‌ಪ್ರೀತ್ ಕೌರ್ ಬಳಗ ವಿಶ್ವಕಪ್ ಗೆದ್ದಿತು. ತಂಡಕ್ಕೆ 51 ಕೋಟಿ ರೂಪಾಯಿ ಬಹುಮಾನ ಘೋಷಣೆಯಾಯಿತು. ಆ ರಾತ್ರಿ ಮೈದಾನದಲ್ಲಿ ಆಟಗಾರ್ತಿಯರು ಕಪ್ಪನ್ನು ಕೊಂಡೊಯ್ದು, ಆಡುವ ಕಾಲದಲ್ಲಿ ಅದನ್ನು ಗೆಲ್ಲಲಾಗದೇ ಹೋದ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಅವರ ಕೈಗಿಟ್ಟರು.