ಪರನಾಡಿನ ಆಸರೆ ಮತ್ತು ಸಾರ್ವಜನಿಕ ಧನ

ಹುಟ್ಟಿದ ನೆಲವನ್ನು ಬಿಟ್ಟು ಹೋದವರು ಹೊಸ ನಾಡಿನಲ್ಲಿ ಮೊದಲು ಅರಸುವುದು ತಮ್ಮ ಮಾತು ಬಲ್ಲ ಜನರನ್ನು. ಹಾಗೆ ಕೂಡಿದವರು ಸಂಘ ಕಟ್ಟಿಕೊಳ್ಳುವುದು ಸಹಜ. ಆದರೆ ಅಂಥ ಸಂಘಗಳಿಗೆ ಸರಕಾರದ ಬೊಕ್ಕಸದಿಂದ ಹಣ ಸಲ್ಲಬೇಕೇ? ಸಂದರೆ ವಲಸೆ ಬಂದವರು ಊರಿನವರೊಡನೆ ಬೆರೆಯುವರೋ, ಬೇರೆಯಾಗಿಯೇ ಉಳಿಯುವರೋ? ನಮ್ಮ ಅನೇಕ ಮನೆಗಳ ಮಕ್ಕಳು ಕಡಲಾಚೆ ನೆಲೆಸಿರುವ ಈ ಕಾಲದಲ್ಲಿ ಇದು ನಮಗೂ ಸಂಬಂಧಿಸಿದ ಪ್ರಶ್ನೆಯೇ ಆಗಿದೆ.

ಬ್ರಿಟನ್ನಿನಲ್ಲಿ 1966ರ ಸ್ಥಳೀಯ ಸರಕಾರ ಕಾಯಿದೆಯ 11ನೆಯ ಕಲಮಿನಂತೆ, ಕಾಮನ್‌ವೆಲ್ತ್ ದೇಶಗಳಿಂದ ಬಂದವರು ಹೆಚ್ಚಾಗಿ ನೆಲೆಸಿದ್ದ ಊರುಗಳ ಆಡಳಿತಗಳಿಗೆ ಹೆಚ್ಚಿನ ಸಿಬ್ಬಂದಿಯ ವೇತನಕ್ಕೆಂದು ಅನುದಾನ ದೊರೆಯತೊಡಗಿತು. ಅದರ ಬಹುಭಾಗ ಶಾಲೆಗಳಿಗೆ ಸಂದಿತು. ಮಕ್ಕಳು ಇಂಗ್ಲಿಷ್ ಕಲಿತರು, ಒಳ್ಳೆಯದೇ ಆಯಿತು. ಆದರೆ ಮನೆಯ ನಾಲ್ಕು ಗೋಡೆಗಳ ನಡುವಿನ ಸಂಕಟ ಶಾಲೆಗೆ ಕಾಣುವಂಥದಲ್ಲ. ಪಂಜಾಬಿನಿಂದ ಬಂದವರು ಬಹುಸಂಖ್ಯೆಯಲ್ಲಿರುವ ಪಶ್ಚಿಮ ಲಂಡನ್ನಿನ ಸೌತಾಲ್‌ನಲ್ಲಿ 1979ರಲ್ಲಿ ಏಷ್ಯಾ ಮತ್ತು ಆಫ್ರಿಕಾ-ಕೆರಿಬಿಯನ್ ಮೂಲದ ಮಹಿಳೆಯರು ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ ಎಂಬ ಸಂಘವನ್ನು ಕಟ್ಟಿದರು. ಮನೆತನದ ಮಾನದ ಹೆಸರಿನಲ್ಲಿ ಮುಚ್ಚಿಡಲಾಗುತ್ತಿದ್ದ ಹೊಡೆತ ಬಡಿತಗಳನ್ನು ಅವರು ಬಯಲಿಗೆ ತಂದರು. ಮದುವೆಯಾಗಿ ಹೋದ ಹೆಣ್ಣು ನಿಗದಿತ ಅವಧಿಯೊಳಗೆ ಗಂಡನನ್ನು ಬಿಟ್ಟರೆ ವಾಸದ ಹಕ್ಕನ್ನೇ ಕಳೆದುಕೊಳ್ಳುವ ನಿಯಮವಿತ್ತು. ಇದನ್ನು ವಿರೋಧಿಸಿದವರಲ್ಲಿ ಈ ಸಂಘವೂ ಮುಂದಿತ್ತು. ಹಿಂಸೆಗೊಳಗಾದ ಪತ್ನಿಯರಿಗೆ 1999ರಲ್ಲಿ ರಿಯಾಯಿತಿ ದೊರೆಯಿತು.

ಇಂಥ ಸಂಘದ ಅನುದಾನಕ್ಕೆ 2007ರಲ್ಲಿ ಕುತ್ತು ಬಂದಿತು. ಒಂದು ವರ್ಗದ ಮಹಿಳೆಯರಿಗಾಗಿ ಪ್ರತ್ಯೇಕವಾಗಿ ಕೊಡುವ ಬದಲು ಇಡೀ ಪ್ರದೇಶದ ಎಲ್ಲ ಮಹಿಳೆಯರಿಗೂ ಒಂದೇ ಸೇವೆಯಿರಲಿ ಎಂದು ಈಲಿಂಗ್ ಸ್ಥಳೀಯ ಆಡಳಿತ ಹೇಳಿತು. ಸಾಮರಸ್ಯವೇ ಅದರ ವಾದಕ್ಕೆ ಆಧಾರವಾಗಿತ್ತು. ಸಂಘದ ಆಸರೆ ಪಡೆದಿದ್ದ ಇಬ್ಬರು ಮಹಿಳೆಯರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2008ರ ಜುಲೈನಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಆಡಳಿತ ತನ್ನ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಆದರೂ ನ್ಯಾಯಮೂರ್ತಿ ಮೋಸೆಸ್ ತೀರ್ಪು ಬರೆದರು. ಅಲ್ಪಸಂಖ್ಯಾತರಿಗೆ ವಿಶೇಷ ಸೇವೆ ಒದಗಿಸುವುದಕ್ಕೂ ಸಮಾನತೆ, ಸಾಮರಸ್ಯಗಳಿಗೂ ವಿರೋಧವಿಲ್ಲವೆಂಬುದು ಅದರ ಸಾರ.

ಪ್ರತ್ಯೇಕ ಅನುದಾನದಿಂದ ಗೋಡೆಗಳು ಏಳಬಹುದೆಂಬ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಹಣವೆಲ್ಲ ಸಮಾರಂಭಗಳಿಗೂ ಹಾರತುರಾಯಿಗಳಿಗೂ ವೆಚ್ಚವಾದರೆ, ಸಮುದಾಯದ ಹೆಸರಿನಲ್ಲಿ ನಾಲ್ಕು ಜನ ಮುಖಂಡರೇ ಮಾತನಾಡತೊಡಗಿದರೆ, ಆ ಆತಂಕ ನಿಜವಾದೀತು. ಸೌತಾಲ್‌ನ ಮಹಿಳೆಯರಾದರೋ ತಮ್ಮವರ ತಪ್ಪನ್ನು ತಮ್ಮವರ ಎದುರಿಗೇ ಹೇಳಿದರು. ನೊಂದವರನ್ನು ಆ ನಾಡಿನ ಕಾನೂನಿನ ರಕ್ಷಣೆಗೆ ತಲುಪಿಸಿದರು. ಪೊಲೀಸ್ ಠಾಣೆ, ವಸತಿ ಕಚೇರಿ, ನ್ಯಾಯಾಲಯಗಳ ದಾರಿಯನ್ನು ತನ್ನ ಭಾಷೆಯಲ್ಲಿ ತಿಳಿದ ಹೆಣ್ಣುಮಗಳು ಆ ನಾಡಿಗೆ ಹೊರಗಿನವಳಾಗಿ ಉಳಿಯುವಳೇ? ಬೆರೆಯುವುದೆಂದರೆ ಇದೇ ಎಂದು ನಾವು ತಿಳಿಯುತ್ತೇವೆ.

ಸಾರ್ವಜನಿಕ ಧನ ಪಡೆದ ಸಂಘ ಲೆಕ್ಕಪತ್ರಗಳನ್ನು ತೆರೆದಿಡಬೇಕು. ತನ್ನವರಲ್ಲೇ ಅತ್ಯಂತ ದುರ್ಬಲರಾದವರಿಗೆ ಮೊದಲು ಉತ್ತರ ಹೇಳಬೇಕು. ಈ ಎರಡೂ ಇದ್ದಲ್ಲಿ ಅನುದಾನ ಸಾರ್ಥಕ.

ಮಗಳನ್ನು ಪರದೇಶಕ್ಕೆ ಕೊಡುವಾಗ ವರನ ಓದು, ಸಂಬಳ, ಮನೆತನಗಳನ್ನು ಕೂಲಂಕಷವಾಗಿ ವಿಚಾರಿಸುತ್ತೇವೆ. ಅಲ್ಲಿಯ ವಾಸದ ನಿಯಮಗಳೇನು, ಕಷ್ಟಕಾಲದಲ್ಲಿ ಅವಳು ಯಾವ ಬಾಗಿಲು ತಟ್ಟಬೇಕು ಎಂಬುದನ್ನೂ ವಿಚಾರಿಸೋಣ. ಆ ವಿಳಾಸ ಅವಳ ಕೈಯಲ್ಲಿರಲಿ. ಅದಕ್ಕಿಂತ ಮಿಗಿಲಾದ ಬಳುವಳಿಯಿಲ್ಲ.